ಖುದ್ದಾಗಿ ಪರೀಕ್ಷಿಸಿದ್ದೇನೆ

ಜೇಬಿನಲ್ಲಿ ಫೋನು ಅದುರಿದಂತಾಗಿ ಹಾಲೇಶ ಕೈ ಹಾಕಿದ. ಜೇಬಿನಲ್ಲಿ ಫೋನೇ ಇರಲಿಲ್ಲ. ಅದು ಅಡುಗೆಮನೆಯ ಕಟ್ಟೆಯ ಮೇಲೆ ಹಾಲಿನ ಪಾತ್ರೆಯ ಪಕ್ಕ ಅಂಗಾತ ಬಿದ್ದಿತ್ತು. ಎಡ ತೊಡೆಯ ಮೇಲೆ ಅಂಗೈಯಷ್ಟು ಜಾಗ ಮಾತ್ರ, ಕಳಚಿಬಿದ್ದ ಹಲ್ಲಿಬಾಲದ ಹಾಗೆ, ತನ್ನಷ್ಟಕ್ಕೆ ಮಿಡುಕುತ್ತಲೇ ಇತ್ತು. ಅಲ್ಲಿ ಅಂಗೈ ಒತ್ತಿಕೊಂಡು ನಿಂತ. ರಾತ್ರಿಯ ಮಳೆಗೆ ಕಿಟಕಿಯಾಚೆ ಓಣಿಯಲ್ಲಿ ನೀರು ನಿಂತಿತ್ತು. ಅದಿರಿನ ಲಾರಿಗಳು ಹೊಕ್ಕ ಮೇಲೆ ಹೊಸಪೇಟೆಯಲ್ಲಿ ನೀರು ನಿಂತರೆ ಕೆಂಪಗೇ ನಿಲ್ಲುತ್ತದೆ. “ಹುಡುಕಬ್ಯಾಡ್ರಿ, ಇಲ್ಲೈತಿ ನನ್ನ ಸವತಿ,” ಎಂದಳು ಸ್ಫೂರ್ತಿ, ತಿರುಗಿಯೂ ನೋಡದೆ. “ಹಾಲು ಕಾಯಾಕ ಕುಂದ್ರಿಸೀನಿ. ಉಕ್ಕಿದ್ರ ನಿಮಗ ಮೇಲ್ ಕಳಿಸ್ತೈತಿ.” ಹೆಂಡತಿಯ ಮಾತಿಗೆ ನಗಬೇಕಾಗಿತ್ತು. ನಗುವ ಮೊದಲೇ ಅವನ ಕಣ್ಣು ಫೋನಿನ ನೆತ್ತಿಯ ಮೇಲಿನ ಕಡುಗೆಂಪು ದೀಪಕ್ಕೆ ಹೋಗಿತ್ತು. ಅದು ಒಮ್ಮೆ ಮಿನುಗಿ, ಇನ್ನು ಮಿನುಗುವುದಿಲ್ಲವೇನೋ ಎನ್ನುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮಿನುಗುತ್ತಿತ್ತು. ಅವನು ಕೆಲಸ ಮಾಡುವ ಅದಿರು ಪರೀಕ್ಷೆಯ ಲ್ಯಾಬಿಗೂ, ಅದಿರು ಕಳಿಸುವ ಕಂಪನಿಗೂ ಯಜಮಾನರಾದ ತೋಟಪ್ಪನವರ ಮೇಲ್ ಬಂದಿತ್ತು. ಅವರು ಮೇಲ್ ಬರೆಯುವುದು ಇಂಗ್ಲಿಷಿನಲ್ಲಿ, ತಂತಿ ಕಳಿಸುವವರ ಹಾಗೆ. ಲೋಡಿಂಗ್ ಇಂದು ಮುಗಿಯುತ್ತದೆ. ಸಂಜೆ ಹಡಗು ಹೊರಡುತ್ತದೆ. ಮಧ್ಯಾಹ್ನ ಸಂಡೂರಿನ ಗಣಿಗೆ ಹೋಗೋಣ. ಹಾಲೇಶ ಅದನ್ನು ಓದಿ, ಓದಿದ್ದು ಸಾಲದೆ ಮತ್ತೊಮ್ಮೆ ಓದಿ, ಸಂಜೆ ಎಂದರೆ ಎಷ್ಟು ಹೊತ್ತಿಗೆ, ಬಂದರಿನಲ್ಲಿ ಸಂಜೆ ಇಲ್ಲಿಗಿಂತ ತಡವಾಗಿ ಆಗುತ್ತದೆಯೇ ಎಂದೆಲ್ಲ ಯೋಚಿಸುತ್ತ ನಿಂತಿದ್ದಾಗ ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿಯಿತು. ಸ್ಫೂರ್ತಿ ಏನೋ ಅಂದಳು. ಅವನು ಮೊದಲು ಫೋನನ್ನು ಎತ್ತಿ ಒರೆಸಿದ, ಆಮೇಲೆ ಒಲೆ ಆರಿಸಿದ. ಆ ಅನುಕ್ರಮವನ್ನು ಅವಳು ಗಮನಿಸಿದ್ದು ಅವನಿಗೆ ಗೊತ್ತಾಯಿತು.

ಹೋದ ಭಾನುವಾರವೂ ಅವಳು ಹೀಗೆಯೇ ನೋಡಿದ್ದಳು. ಅವಳ ಚಿಕ್ಕಮ್ಮ ಅಕ್ಕನಾಗಮ್ಮ ಕಂಪ್ಲಿಯಿಂದ ಬಂದಿದ್ದರೆಂದು ಮೂವರೂ ಹಂಪಿಗೆ ಹೋಗಿದ್ದರು. ದೇವರ ದರ್ಶನ ಮುಗಿಸಿ ಬಜಾರಿಗೆ ಬರುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಸಾಲುಮಂಟಪದ ಒಂದು ಕಂಬದ ಮರೆಯಲ್ಲಿ ಕಾಗದ ಹರಡಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಾಗ ಕೆಂಪು ದೀಪ ಮಿನುಗಿತು. ತೇವಾಂಶ ಎಷ್ಟು? ರೇಕು ಕಾಯುತ್ತಿದೆ. ಸೈಡಿಂಗಿನಲ್ಲಿ ಗೂಡ್ಸ್ ರೈಲಿನ ಡಬ್ಬಿಗಳು ಸಾಲಾಗಿ ನಿಂತಿರುವುದು, ಅದಿರಿನ ರಾಶಿಯಿಂದ ಮಾದರಿ ತೆಗೆಯುವ ಗಾದಿಲಿಂಗಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಲ್ಯಾಬಿನ ಬಾಗಿಲಲ್ಲಿ ಇಟ್ಟಿರುವುದು, ಎಲ್ಲವೂ ಅವನಿಗೆ ಅಲ್ಲಿಂದಲೇ ಕಂಡಿತು. ಮೊದಲಾಗಿದ್ದರೆ ಅಂಕಿ ಬೇಕಾದವರು ಲ್ಯಾಬಿಗೆ ಬರಬೇಕಿತ್ತು. ಇಲ್ಲವೆ ಲ್ಯಾಬಿನ ಫೋನು ಯಾರೂ ಎತ್ತದೆ ಬಡಿದುಕೊಂಡು ಸುಮ್ಮನಾಗಬೇಕಿತ್ತು. ಮಾದರಿಯನ್ನು ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗದ ಹೊರತು ತೇವಾಂಶ ಎಂಬುದು ಹುಟ್ಟುವುದೇ ಇಲ್ಲ. ಆದರೆ ಈಗ ಪ್ರಶ್ನೆ ಅಂಗೈಗೇ ಬಂದಿತ್ತು, ಉತ್ತರ ಕೊಡುವ ಗುಂಡಿಗಳೂ ಅಂಗೈಯಲ್ಲೇ ಇದ್ದವು. ಬಲಗೈ ಎಣ್ಣೆಯಾಗಿತ್ತು. ಎಡಗೈ ಹೆಬ್ಬೆರಳಿನಿಂದ, ಮಳೆ ಬರುವ ಮುಂಚಿನ ರಾಶಿಗೆ ಬಂದಿದ್ದ ಅಂಕಿಯನ್ನೇ, ನೂರಕ್ಕೆ ಏಳೂವರೆ ಎಂದು ಒತ್ತಿದ. ಕಂಬದಾಚೆ ಮಳೆ ಕಲ್ಲುಚಪ್ಪಡಿಯ ಮೇಲೆ ಬಿದ್ದು ಸಿಡಿಯುವುದನ್ನು ನೋಡುತ್ತಲೇ ಒತ್ತಿದ. “ಅಳಿಯಂದ್ರು ಭಾಳ ಭಕ್ತರು ಬಿಡವ್ವ,” ಎಂದು ಅಕ್ಕನಾಗಮ್ಮ ಸ್ಫೂರ್ತಿಯ ಮೊಣಕೈ ತಿವಿದರು. “ಗುಡಿಯಾಗೂ ಜಪ, ಬಜ್ಜಿ ತಿನ್ನಾಗೂ ಜಪ. ಬರೇ ಹೆಬ್ಬೆಟ್ಟಿಲೆ ದೇವ್ರನ್ನ ಒಲಿಸ್ಕೊತಾರ.” ಅವನು ನಕ್ಕ. ಸೋಮವಾರ ಬೆಳಿಗ್ಗೆ ಹೋದ ಕೂಡಲೇ ಮಾದರಿ ಒಣಗಿಸಿ, ಅಂಕಿ ಬೇರೆ ಬಂದರೆ ತಿದ್ದಿ ಕಳಿಸಿದರಾಯಿತು ಅಂದುಕೊಂಡ. ಸೋಮವಾರ ಬೆಳಿಗ್ಗೆ ರೇಕು ಹೋಗಿಬಿಟ್ಟಿತ್ತು. ಹೋದದ್ದನ್ನು ತಿದ್ದಲು ಹೋಗುವುದು, ಮದುವೆಯಾದ ಮೇಲೆ ಜಾತಕ ನೋಡಿದ ಹಾಗೆ ಕಾಣುತ್ತದೆ. ಚೀಲವನ್ನು ಎತ್ತಿ ಕಪಾಟಿನ ಮೇಲಿನ ಅರೆಯಲ್ಲಿಟ್ಟ. ಅಂದಿನಿಂದ ಅದು ಅಲ್ಲೇ ಇತ್ತು.

ಅಂಕಿಯೊಂದೇ ಹೋಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ ಎಂದು ಅವನಿಗೆ ಲ್ಯಾಬಿನ ದಾರಿಯಲ್ಲಿ ಅನಿಸಿತು. ಸ್ಟೇಷನ್ ರಸ್ತೆಯ ಕೆಸರಿನಲ್ಲಿ ಸ್ಕೂಟರು ಎಳೆದಾಡುತ್ತಿತ್ತು. ಅಂಕಿಯ ಹಿಂದೆಯೇ ಒಂದು ವಾಕ್ಯವೂ ಹೋಗಿತ್ತು. ಅದು ಅವನ ವಾಕ್ಯವಲ್ಲ. ಫೋನೂ ಅವನದಲ್ಲ. ಮೊದಲು ಅದು ತೋಟಪ್ಪನವರದಾಗಿತ್ತು. ಆಮೇಲೆ ಹಾಲೇಶನಿಗಿಂತ ಹಿಂದೆ ಇದ್ದ ಕೆಮಿಸ್ಟ್ ಹಂಪೇಶನ ಕೈಗೆ ಬಂತು. ಅವನು ಬಿಟ್ಟುಹೋದ ಮೇಲೆ, ಎರಡು ಕೈಗಳಲ್ಲಿ ಸವೆದು, ಹಾಲೇಶನಿಗೆ ಬಂತು. ಅಕ್ಷರಗಳ ಪುಟ್ಟ ಗುಂಡಿಗಳಲ್ಲಿ ಕೆಲವು ನುಣ್ಣಗಾಗಿ ಅಕ್ಷರವೇ ಅಳಿಸಿತ್ತು. ಯಾವ ಯಾವ ಗುಂಡಿ ಸವೆದಿದೆ ಎಂದು ನೋಡಿದರೆ ಹಂಪೇಶ ಯಾವ ಮಾತುಗಳನ್ನು ಹೆಚ್ಚಾಗಿ ಬರೆಯುತ್ತಿದ್ದ ಎಂದು ಊಹಿಸಬಹುದಿತ್ತು. ಹೆಬ್ಬೆರಳಿಗೆ ಆ ತಗ್ಗುಗಳು ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟಂತೆ ತಿಳಿಯುತ್ತಿದ್ದವು. ಒಂದು ದಿನ ಪಿ, ಸಿ ಎರಡು ಅಕ್ಷರ ಒತ್ತಿ ಜಾಗ ಬಿಟ್ಟಾಗ ಪರದೆಯ ಮೇಲೆ ಇಂಗ್ಲಿಷಿನ ಇಡೀ ವಾಕ್ಯ ತಾನಾಗಿ ಬಿಚ್ಚಿಕೊಂಡಿತ್ತು: ಖುದ್ದಾಗಿ ಪರೀಕ್ಷಿಸಿದ್ದೇನೆ, ಎಲ್ಲವೂ ಸರಿಯಾಗಿದೆ. ಹಂಪೇಶ ತನ್ನ ಅನುಕೂಲಕ್ಕೆ ಫೋನಿಗೆ ಕಲಿಸಿಟ್ಟಿದ್ದ ಮಾತು. ಹಾಲೇಶ ಆಗ ಬೆಚ್ಚಿ ಅಳಿಸಿದ್ದ. ಯಾರದೋ ಮನೆಯ ಕತ್ತಲೆಯಲ್ಲಿ ಗಂಡಸೊಬ್ಬ ಕೆಮ್ಮಿದ ಹಾಗಾಗಿತ್ತು. ಆಮೇಲೆ ಅದು ತಮಾಷೆಯಾಯಿತು. ಆಮೇಲೆ ಅನುಕೂಲವಾಯಿತು. ಒಳ್ಳೆಯ ಇಂಗ್ಲಿಷು, ತಪ್ಪಿಲ್ಲದ ವಾಕ್ಯ. ಎರಡು ಗುಂಡಿಗೆ ಇಷ್ಟು ಗೌರವ ಸಿಗುವಾಗ ಯಾರು ತಾನೇ ಉದ್ದಕ್ಕೆ ಬರೆಯುತ್ತಾರೆ? ಮಂಟಪದಲ್ಲಿ ಏಳೂವರೆಯ ಮುಂದೆ ಎಡಹೆಬ್ಬೆರಳು ತಾನಾಗಿಯೇ ಆ ಎರಡು ಗುಂಡಿಗಳಿಗೆ ಹೋಗಿತ್ತು. ಹಡಗಿನ ಕ್ಯಾಪ್ಟನ್ನಿನ ಕೈಗೆ ಹೋಗುವ ಕಾಗದದಲ್ಲಿ ಈಗ ಅಂಕಿಯ ಕೆಳಗೆ ಆ ವಾಕ್ಯವಿತ್ತು. ಅದರ ಕೆಳಗೆ ಎಂ.ಎಸ್ಸಿ. ಎಂದು ಬರೆದ ಹಾಲೇಶನ ಹೆಸರಿತ್ತು.

ಸ್ಟೇಷನ್ನಿನ ಹಿಂದಿನ ಎರಡು ಕೋಣೆಗಳೇ ಲ್ಯಾಬು. ಹಾಲೇಶ ಬಂದವನೇ ಕಪಾಟಿನ ಮುಂದೆ ನಿಂತ. ಚೀಲದ ಒಳಮೈಯಲ್ಲಿ ಹನಿಗಳು ಕಟ್ಟಿದ್ದವು, ಜ್ವರ ಬಂದವರ ಹಣೆಯ ಹಾಗೆ. ಗಾದಿಲಿಂಗಪ್ಪ ಬಾಗಿಲಲ್ಲಿ ಕೂತು ಸಲಿಕೆಯ ಮಣ್ಣು ಕೆರೆಯುತ್ತಿದ್ದ. ಚೀಲ ಕೆಳಗಿಳಿದದ್ದನ್ನು ಕಂಡು ಕೆರೆಯುವುದನ್ನು ನಿಲ್ಲಿಸಿದ.

“ಯಾವ್ದ್ರಿ ಸರ ಅದು, ಐತಾರದ್ದಾ?”

“ಹೂಂ.”

“ಅದರ ರೇಕು ಹೋಗಿ ಸಮುದ್ರ ಮುಟ್ಟೇತ್ರಿ. ಈಗ್ಯಾಕ ಅದರ ಹೆಣ ಕೊಯ್ಯಾಕ ಕುಂತ್ರಿ?”

ಹಾಲೇಶ ಮಾದರಿಯ ಒಂದು ಪಾಲನ್ನು ತೂಗಿ ಓವನ್ನಿನಲ್ಲಿಟ್ಟ. ಅದು ಪೂರ್ತಿ ಒಣಗಲು ಮಧ್ಯಾಹ್ನ ದಾಟಬೇಕು. ಅಷ್ಟು ಹೊತ್ತು ಕಾಯುವುದು ಸಾಧ್ಯವಿರಲಿಲ್ಲ. ಉಳಿದದ್ದನ್ನು ಒಂದು ತಗಡಿನ ಡಬ್ಬಿಗೆ ಅರ್ಧದಷ್ಟು ತುಂಬಿದ. ಹಡಗಿನಲ್ಲಿ ಅದಿರಿನ ಪುಡಿ ಏನಾಗುತ್ತದೆ ಎಂದು ತಿಳಿಯಲು ಇಷ್ಟು ಸಾಕೆಂದು ಒಂದು ಸುತ್ತೋಲೆಯಲ್ಲಿ ಓದಿದ್ದ. ಅದೂ ಈ ಫೋನಿಗೇ ಬಂದದ್ದು, ಓದಿ ಅಳಿಸಿದ್ದು. ಡಬ್ಬಿಯನ್ನು ಎತ್ತಿ ಮೇಜಿನ ಮೇಲೆ ಕುಟ್ಟಿದ. ಪುಡಿ ಒಣಗಿದ್ದಂತೆಯೇ ಇತ್ತು, ಒಳ್ಳೆಯ ಕಂದು ಬಣ್ಣ, ಬೆರಳಿಗೆ ಅಂಟುವುದಿಲ್ಲ. ಕುಟ್ಟಿದ. ಹೀಗೆಯೇ ಅಲೆಗಳು ಹಡಗನ್ನು ಎತ್ತಿ ಕುಟ್ಟುತ್ತವೆ, ರಾತ್ರಿಯಿಡೀ, ಯಾವ ದ್ವೇಷವೂ ಇಲ್ಲದೆ. ಸಮುದ್ರವನ್ನು ಅವನು ಒಮ್ಮೆ ಮಾತ್ರ, ಗೋಕರ್ಣದಲ್ಲಿ, ಪಂಚೆ ಎತ್ತಿಕೊಂಡು ಮೊಣಕಾಲಿನಷ್ಟು ನೋಡಿದ್ದ. ಹಡಗಿನಲ್ಲಿ ಎಷ್ಟು ಜನ ಇರುತ್ತಾರೋ ತಿಳಿಯದು. ಅಡುಗೆಯವನೊಬ್ಬನಂತೂ ಇರಲೇಬೇಕು. ಕುಟ್ಟಿದ. ಪುಡಿಯ ಬಣ್ಣ ಅಂಚಿನಲ್ಲಿ ಕಪ್ಪಿಟ್ಟಿತು. ಇನ್ನಷ್ಟು ಕುಟ್ಟಿದ, ಮೇಲ್ಮೈ ಇದ್ದಕ್ಕಿದ್ದಂತೆ ಹೊಳೆಯಿತು, ಒಳಗಿನ ನೀರೆಲ್ಲ ಮೇಲಕ್ಕೆ ಬಂದು ಕಿಟಕಿಯ ಬೆಳಕು ಅದರಲ್ಲಿ ಅಲುಗಿತು. ಡಬ್ಬಿಯನ್ನು ಓರೆ ಮಾಡಿದ. ಅಷ್ಟೂ ಅದಿರು ಒಟ್ಟಿಗೇ, ಒಂದು ಪ್ರಾಣಿಯ ಹಾಗೆ, ಒಂದು ಬದಿಗೆ ಸರಿದು ಅಲ್ಲೇ ಉಳಿಯಿತು. ಹೀಗೆ ಸರಿದ ಅದಿರೇ ಹಡಗನ್ನು ಮಗುಚುತ್ತದೆ ಎಂದು ಸುತ್ತೋಲೆಯಲ್ಲಿತ್ತು.

“ಅಯ್ಯಯ್ಯ, ಗಂಜಿ ಆತಲ್ರಿ!” ಎಂದ ಗಾದಿಲಿಂಗಪ್ಪ. ಮರುಕ್ಷಣ ಅವನ ಮುಖ ಬೇರೆಯಾಯಿತು. “ನಾ ತಾಡಪಾಲು ಎತ್ತಿ ಒಳಗಿಂದನಾ ತಗದೀನ್ರಿ ಸರ. ನೀರು ಗೀರು ಏನೂ ಬೆರಸಿಲ್ಲ ಮತ್ತ. ಸಾವ್ಕಾರ್ರು ಕೇಳಿದ್ರ ಹಂಗಂತ ಹೇಳ್ರಿ.”

“ನಿಮ್ದೇನೂ ಇಲ್ಲ ಗಾದಿಲಿಂಗಪ್ಪ.”

“ಹಂಗಾರ ಯಾರದೈತ್ರಿ?”

ಸಹಜವಾಗಿಯೇ ಕೇಳಿದ್ದ. ಹಾಲೇಶ ಡಬ್ಬಿಯೊಳಗೆ ನೋಡುತ್ತಿದ್ದ. ಗಾದಿಲಿಂಗಪ್ಪ ಉತ್ತರಕ್ಕೆ ಕಾದು, ಕಾಯುವುದೇ ಒಂದು ಸಾಕ್ಷಿಯಾದೀತು ಎಂದು ಹೊಳೆದವನಂತೆ ಎದ್ದು ಸಲಿಕೆ ಗೋಡೆಗೆ ಒರಗಿಸಿದ. “ನಾ ಚಾ ಕುಡ್ಯಾಕ ಹೋಗಿದ್ದೆ ಅಂತ ತಿಳ್ಕೊರಿ. ಈ ಚೀಲ ಒಡದಿದ್ದು ನಾ ಕಂಡಿಲ್ಲ,” ಎಂದು ಹೊರಟೇಹೋದ.

ಒಬ್ಬನೇ ಉಳಿದಾಗ ಓವನ್ನಿನ ಗುಂಯ್ ಎನ್ನುವ ಸದ್ದು ಕೋಣೆಯನ್ನು ತುಂಬಿಕೊಂಡಿತು. ಈಗ ಬರೆಯಬಹುದು, ನಿಂತಲ್ಲೇ ನಾಲ್ಕು ಮಾತು ಬರೆದು ಕಳಿಸಬಹುದು. ಯಾವುದು ತನ್ನನ್ನು ಮಂಟಪದ ಕಂಬದ ಮರೆಯಲ್ಲಿ ಹಿಡಿದಿತ್ತೋ ಅದೇ ಫೋನು, ಅದೇ ಗುಂಡಿಗಳು. ಕಳಿಸಿದರೆ ಲೋಡಿಂಗ್ ನಿಲ್ಲುತ್ತದೆ, ತೋಟಪ್ಪನವರು ಬೆಂಕಿಯಾಗುತ್ತಾರೆ, ಈ ಕೆಲಸ ಹೋಗುತ್ತದೆ. ಪರೀಕ್ಷೆ ಮಾಡದೆ ಅಂಕಿ ಕೊಡುವ ಕೆಮಿಸ್ಟ್ ಎಂದಾದ ಮೇಲೆ ಹೊಸಪೇಟೆಯ ಯಾವ ಲ್ಯಾಬೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಳಿಸದಿದ್ದರೆ, ಬಹುಶಃ, ಏನೂ ಆಗುವುದಿಲ್ಲ. ಈ ಬಹುಶಃ ಎಂಬುದನ್ನು ಅವನು ಅಂಕಿಯಲ್ಲಿ ಹಿಡಿಯಲು ನೋಡಿದ. ಸಮುದ್ರ ಶಾಂತವಾಗಿದ್ದರೆ, ರಾಶಿಯ ಉಳಿದ ಭಾಗ ಈ ಚೀಲದಷ್ಟು ಒದ್ದೆಯಾಗಿಲ್ಲದಿದ್ದರೆ, ದಾರಿಯಲ್ಲಿ ನೀರು ಸೋರಿಹೋಗಿದ್ದರೆ. ನೂರರಲ್ಲಿ ತೊಂಬತ್ತು ಸಲ ಏನೂ ಆಗದು ಎನಿಸಿತು. ಉಳಿದದ್ದರಲ್ಲಿ ಆ ಅಡುಗೆಯವನು ಏನೋ ಹುರಿಯುತ್ತ ನಿಂತಿದ್ದ. ಹಾಲೇಶ ಫೋನೆತ್ತಿ ಹಂಪೇಶನಿಗೆ ಕರೆ ಮಾಡಿದ. ಯಾಕೆ ಎಂದು ಅವನಿಗೇ ತಿಳಿಯಲಿಲ್ಲ. ವಾಕ್ಯದ ಒಡೆಯನನ್ನು ಒಮ್ಮೆ ಕೇಳಬೇಕೆನಿಸಿತೋ, ಅಥವಾ ತಾನೊಬ್ಬನೇ ಅಲ್ಲ ಎಂದು ಕೇಳಿಸಿಕೊಳ್ಳಬೇಕೆನಿಸಿತೋ.

“ಆ ಡಕೋಟಾ ಫೋನ್ ಇನ್ನೂ ಉಸಿರಾಡ್ತೈತೇನಲೇ?” ಎಂದು ಹಂಪೇಶ ಆಚೆಯಿಂದ ನಕ್ಕ. ಅವನು ಈಗ ಕೊಪ್ಪಳದ ಕಡೆ ಯಾವುದೋ ಫ್ಯಾಕ್ಟರಿಯಲ್ಲಿದ್ದ. ಹಿಂದೆ ಯಂತ್ರಗಳು ಅರೆಯುತ್ತಿದ್ದವು.

“ಅದರಾಗ ನೀವು ಒಂದು ವಾಕ್ಯ ಇಟ್ಟಿದ್ರಲ್ಲ, ಪಿ ಸಿ ಒತ್ತಿದ್ರ ಬರೋದು…”

“ಹೋ, ಅದಾ! ಮಸ್ತ್ ಐತಲ್ಲ? ಇಂಗ್ಲಿಷ್ ಲೆಕ್ಚರರ್ ಕಡಿಂದ ಬರಸಿದ್ದಲೇ ಅದು.”

“ನೀವು ನಿಜವಾಗ್ಲೂ ಪರೀಕ್ಷೆ ಮಾಡಿದಾಗ ಅದನ್ನ ಹಾಕ್ತಿದ್ರ್ಯಾ?”

ಆಚೆ ನಗು ನಿಂತಿತು. “ಮಾಡಿದಾಗ ಅದು ಯಾಕ ಬೇಕಲೇ? ಮಾಡಿದಾಗ ಬರೇ ನಂಬರ್ ಕಳಿಸ್ತಿದ್ದೆ,” ಎಂದ ಹಂಪೇಶ. ಆಮೇಲೆ, “ಯಾಕ, ಏನಾತು?” ಎಂದ. ಏನೂ ಇಲ್ಲ, ಸುಮ್ಮನೆ, ಎಂದು ಹಾಲೇಶ ಇಟ್ಟುಬಿಟ್ಟ. ತಾನು ಎಷ್ಟು ಸಲ ಆ ವಾಕ್ಯವನ್ನು ಕಳಿಸಿದ್ದೇನೆ, ತೋಟಪ್ಪನವರಿಗೆ ಅದರ ಅರ್ಥ ಹಂಪೇಶನ ಕಾಲದಿಂದಲೂ ಗೊತ್ತಿದ್ದಿರಬಹುದೇ ಎಂಬ ಯೋಚನೆ ಬಂದು ಕಿವಿ ಬಿಸಿಯಾಯಿತು. ಗೊತ್ತಿದ್ದರೆ, ನಿಜವಾಗಿ ಒಣಗಿಸಿ ತೂಗಿ ಕಳಿಸಿದ ದಿನಗಳಲ್ಲೂ ಅವರು ತನ್ನನ್ನು ನಂಬಿರಲಿಲ್ಲ. ನಂಬದೆಯೇ ಇಟ್ಟುಕೊಂಡಿದ್ದರು.

ಹೊರಗೆ ಕಾರಿನ ಹಾರ್ನ್ ಕೇಳಿದಾಗ ಮಾದರಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಇಕ್ಕಳದಲ್ಲಿ ಎತ್ತಿ, ಆರುವಷ್ಟೂ ಬಿಡದೆ, ತೂಗಿದ. ಈಗಾಗಲೇ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ತೂಕ ಹೋಗಿತ್ತು. ಇನ್ನೂ ಹೋಗುವುದಿತ್ತು. ಏಳೂವರೆ ಎಂದ ಬಾಯಿಗೆ ಇದು ಸಾಕಾಗಿತ್ತು.

ಕಾರಿನಲ್ಲಿ ಡ್ರೈವರ್ ಅಂಜಿನಿಯ ಪಕ್ಕದಲ್ಲಿ ತಿಂಡಿಯ ಚೀಲವಿತ್ತು. ಹಾಲೇಶ ಹಿಂದೆ ತೋಟಪ್ಪನವರ ಪಕ್ಕ ಕೂತ. ತೋಟಪ್ಪನವರು ವಿಭೂತಿ ಹಚ್ಚಿಕೊಂಡು ಹಗುರಾಗಿದ್ದರು. ಅಕ್ಕಿ ಗಿರಣಿಯಿಂದ ಅದಿರಿಗೆ ಬಂದವರು. ಅವರ ಬಿಳಿ ಅಂಗಿಯ ಮಡಿಕೆಯಲ್ಲಿ ಇನ್ನೂ ಗಿರಣಿಯ ತವುಡಿನ ವಾಸನೆ ಇದ್ದಂತೆ ಹಾಲೇಶನಿಗೆ ಯಾವಾಗಲೂ ಅನಿಸುತ್ತಿತ್ತು. ಅವನ ಮದುವೆಗೆ ಇವರೇ ಜೀಪು ಕಳಿಸಿದ್ದರು, ಕೇಳದೆಯೇ. ದಾರಿಯುದ್ದಕ್ಕೂ ಲಾರಿಗಳು ಒಂದರ ಬಾಲಕ್ಕೊಂದು ಕಟ್ಟಿದಂತೆ ಹರಿಯುತ್ತಿದ್ದವು. ಮರಗಳು, ಮೈಲಿಗಲ್ಲು, ಬಸ್ ನಿಲ್ದಾಣದಲ್ಲಿ ಕೂತ ಮುದುಕಿಯ ಸೆರಗು, ಎಲ್ಲಕ್ಕೂ ಒಂದೇ ಬಣ್ಣ. “ಭತ್ತದ ವ್ಯಾಪಾರ ಭಾಳ ಸಸಾರ ಇತ್ತು ನೋಡ್ರಿ ಕೆಮಿಸ್ಟ್ರ,” ಎಂದರು ತೋಟಪ್ಪನವರು. “ಹಸಿ ಐತೋ ಒಣಗೇತೋ ನೋಡಾಕ ನಾಕು ಕಾಳು ಹಲ್ಲಾಗ ಕಡಿಯೋದು. ಕಟ್ ಅಂದ್ರ ಒಣಗೇತಿ. ಅದಿರು ಕಡಿಯಾಕ ಬರಂಗಿಲ್ಲಲ್ಲ, ಅದಕ್ಕ ನಿಮ್ಮನ್ನ ಇಟ್ಕೊಂಡೀನಿ. ನನ್ನ ಹಲ್ಲು ನೀವು.” ತಮ್ಮ ಮಾತಿಗೆ ತಾವೇ ನಕ್ಕರು. ಅಂಜಿನಿಯೂ ನಕ್ಕ. ಹಾಲೇಶ ಈಗಲೇ, ಈ ನಗು ಆರುವ ಮುಂಚೆಯೇ ಹೇಳಿಬಿಟ್ಟರೆ ಅರ್ಧ ತಮಾಷೆಯಲ್ಲಿ ಹೋದೀತೆಂದು ಲೆಕ್ಕ ಹಾಕಿದ. ಲೆಕ್ಕ ಹಾಕುವಷ್ಟರಲ್ಲಿ ನಗು ಆರಿತ್ತು.

“ಸರ್, ಭಾನುವಾರದ ಮಾಯಿಶ್ಚರ್… ನಾನು ಟೆಸ್ಟ್ ಮಾಡಿ ಕೊಟ್ಟದ್ದಲ್ರಿ ಅದು. ಇವತ್ತು ನೋಡಿದೆ. ಹನ್ನೊಂದರ ಮ್ಯಾಲೈತಿ.”

ತೋಟಪ್ಪನವರು ಕಿಟಕಿಯಾಚೆ ಲಾರಿಯೊಂದರ ತಾಡಪಾಲನ್ನು ನೋಡುತ್ತಿದ್ದರು. “ಅಂಜಿನಿ, ಗ್ಲಾಸ್ ಏರ್ಸು. ಎರಚಲು ಹೊಡೀತೈತಿ,” ಎಂದರು. ಗಾಜು ಏರಿತು. “ಏನೋ ಅಂದ್ರಿ, ಕೇಳಿಸ್ಲಿಲ್ಲ.”

ಹಾಲೇಶ ಮತ್ತೆ ಹೇಳಲು ಬಾಯಿ ತೆರೆದ. ಅವರು ಕೈಯೆತ್ತಿ ತಡೆದರು.

“ಕೇಳಿಸ್ಲಿಲ್ಲ ಅಂದೆ. ಬಾಯಿಲೆ ಅಂದಿದ್ದು ಗಾಳಿ ಇದ್ದಂಗ. ಅದಕ್ಕ ನೀವೂ ಜವಾಬ್ದಾರ ಅಲ್ಲ, ನಾನೂ ಅಲ್ಲ. ಮೇಲ್ ಬಂತಂದ್ರ ಮಾತ್ರ ಕೇಳಿಸ್ಕೊಬೇಕಾಗ್ತೈತಿ.” ಅವರ ದನಿ ಸಿಟ್ಟಿನದಾಗಿರಲಿಲ್ಲ. ಅಳಿಯನಿಗೆ ಮನೆಯ ಪದ್ಧತಿ ತಿಳಿಸಿಕೊಡುವವರ ಹಾಗಿತ್ತು. “ಕೇಳಿಸ್ಕೊಂಡೆ ಅಂತಾದ್ರ, ಆಮ್ಯಾಲ ನೀವು ನನ್ನ ಕೆಮಿಸ್ಟ್ ಆಗಿ ಇರಂಗಿಲ್ಲ. ತಿಳೀತಿಲ್ಲೋ? ಏ ಅಂಜಿನಿ, ಆ ಬಾಳಿಹಣ್ಣು ಕೊಡು ಇತ್ತ. ಸುಗಂಧಿ. ಕಂಪ್ಲಿ ತೋಟದ್ದ್ರಿ, ತಿನ್ರಿ.”

ಹಾಲೇಶ ಹಣ್ಣು ಬೇಡವೆನ್ನಲಿಲ್ಲ. ಸಿಪ್ಪೆ ಸುಲಿದು ತಿಂದ. ಅದು ರುಚಿಯಾಗಿತ್ತು, ರುಚಿಯಾಗಿದ್ದದ್ದೇ ಅವನನ್ನು ನಾಚಿಸಿತು. ಸಿಪ್ಪೆಯನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಂಗೈಯಲ್ಲೇ ಹಿಡಿದು ಕೂತ. ಗಾಜು ಏರಿಸಿದ್ದರಿಂದ ಹೊರಗಿನ ಲಾರಿಗಳು ಸದ್ದಿಲ್ಲದೆ ಹೋಗುತ್ತಿದ್ದವು. ಒಂದು ಲೆಕ್ಕದಲ್ಲಿ ತೋಟಪ್ಪನವರು ಅವನನ್ನು ಬಿಡಿಸಿಯೇ ಬಿಟ್ಟಿದ್ದರು. ಹೇಳಿದ್ದಾಗಿದೆ, ಅವರು ಕೇಳಿಸಿಕೊಂಡಿಲ್ಲ. ನಾಳೆ ಏನಾದರೂ ಆದರೆ, ನಾನು ಹೇಳಿದ್ದೆ ಎಂದು ಮನಸ್ಸಿನೊಳಗೆ ಹೇಳಿಕೊಳ್ಳಬಹುದು. ಅಂಜಿನಿಯ ಕಿವಿ ಸಾಕ್ಷಿ. ಆದರೆ ಅಂಜಿನಿಯ ಕಿವಿ ಕನ್ನಡಿಯಲ್ಲಿ ಕಾಣುತ್ತಿತ್ತು, ಅದು ಏನನ್ನೂ ಕೇಳಿಸಿಕೊಂಡ ಕಿವಿಯಂತಿರಲಿಲ್ಲ. ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಬ್ಯುರೆಟ್ಟಿನ ಕೊನೆಯ ಹನಿಗೆ ಉಸಿರು ಹಿಡಿದು ನಿಲ್ಲುತ್ತಿದ್ದಾಗ, ಅಂಕಿ ಎಂದರೆ ಯಾರ ಮಾತನ್ನೂ ಕೇಳದ ಒಂದು ವಸ್ತು ಎಂದು ಅವನಿಗೆ ಖುಷಿಯಾಗುತ್ತಿತ್ತು. ಈಗ ಅಂಗೈಯಲ್ಲಿ ಸಿಪ್ಪೆ ಬೆಚ್ಚಗಾಗುತ್ತಿತ್ತು.

ಸಂಡೂರಿನ ಗುಡ್ಡ ಏರುವಲ್ಲಿ ಲಾರಿಗಳು ನಿಂತುಬಿಟ್ಟವು. ಮುಂದೆ ಯಾವುದೋ ಲಾರಿಯ ಆಕ್ಸಲ್ ಮುರಿದಿದೆಯೆಂದು ಕ್ಲೀನರುಗಳು ಕೂಗಾಡುತ್ತಿದ್ದರು. ಅಂಜಿನಿ ಇಂಜಿನ್ ಆರಿಸಿದ. ಮೋಡ ಕವಿದು ಬೆಳಕು ಆಗಲೇ ಇಳಿಯತೊಡಗಿತ್ತು. “ಒಂದಕ್ಕೆ ಹೋಗಿ ಬರ್ತೀನಿ ಸರ್,” ಎಂದು ಹಾಲೇಶ ಇಳಿದ. ತೋಟಪ್ಪನವರು ಅವನ ಮುಖ ನೋಡಿದರು. ಬೇಡವೆನ್ನಲಿಲ್ಲ.

ರಸ್ತೆಯ ಬದಿಯ ಕಲ್ಲಿನ ಒಡ್ಡಿನ ಹಿಂದೆ ಹೋಗಿ ಸಿಪ್ಪೆಯನ್ನು ಎಸೆದು ಫೋನು ತೆಗೆದ. ಬಂದರಿನಲ್ಲಿ ಸರಕಿನ ತಪಾಸಣೆ ನೋಡಿಕೊಳ್ಳುವ ಸರ್ವೇಯರ್ ಬರೆದಿದ್ದ ಮೇಲ್ ಅದರಲ್ಲಿತ್ತು. ಉತ್ತರ ಎಂದರೆ ಒಬ್ಬರಿಗೆ, ಎಲ್ಲರಿಗೂ ಉತ್ತರ ಎಂದರೆ ತೋಟಪ್ಪನವರಿಗೆ, ಸರ್ವೇಯರಿಗೆ, ಹಡಗಿನವರ ಏಜೆಂಟನಿಗೆ. ಎಲ್ಲರಿಗೂ ಎಂಬುದರ ಮೇಲೆ ನಿಂತ. ಬೆರಳಿನಲ್ಲಿ ಬಾಳೆಹಣ್ಣಿನ ಅಂಟಿತ್ತು. ಎರಡು ಹೆಬ್ಬೆರಳಿನಿಂದ, ಶಾಲೆಯ ಹುಡುಗರು ಸ್ಲೇಟಿನಲ್ಲಿ ತಿದ್ದುವಷ್ಟು ನಿಧಾನವಾಗಿ ಬರೆದ. ಭಾನುವಾರ ನಾನು ಕಳಿಸಿದ ಅಂಕಿ ಪರೀಕ್ಷೆ ಮಾಡದೆ ಕೊಟ್ಟದ್ದು. ಇಂದು ಮಾದರಿಯನ್ನು ಒಣಗಿಸಿ ನೋಡಿದೆ. ತೇವಾಂಶ ಕನಿಷ್ಠ ಹನ್ನೊಂದು. ಮಾದರಿ ಪೂರ್ತಿ ಒಣಗಿರಲಿಲ್ಲ, ಇನ್ನೂ ಹೆಚ್ಚಿರಬಹುದು. ಹಡಗು ಹೊರಡದಿರುವುದು ಒಳ್ಳೆಯದು. ಕೊನೆಯ ಸಾಲನ್ನು ಓದಿ, ಅದರಲ್ಲಿ ತಾನು ಇನ್ನೂ ಬಾಗಿ ನಿಂತಿರುವುದು ಕಂಡು, ಅಳಿಸಿ, ಹಡಗು ಹೊರಡಬಾರದು ಎಂದು ಬರೆದ. ಇಂಗ್ಲಿಷಿನಲ್ಲಿ ಒಂದೆರಡು ತಪ್ಪುಗಳಿದ್ದವು. ಬಿಟ್ಟ. ಕಳಿಸು ಎಂಬುದನ್ನು ಒತ್ತಿದ.

ಹೋಗಲಿಲ್ಲ. ಮೇಲಿನ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಬಂದು ನಿಂತಿತು. ಗುಡ್ಡದ ಮರೆಯಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಈಗ ಅಳಿಸಿದರೂ ಯಾರಿಗೂ ತಿಳಿಯದು. ಬರೆದಿದ್ದೇನೆ, ಒತ್ತಿದ್ದೇನೆ, ಗುಡ್ಡ ಅಡ್ಡ ಬಂತು. ಇದಕ್ಕಿಂತ ಒಳ್ಳೆಯ ನೆಪವನ್ನು ದೇವರೂ ಕೊಡಲಾರ. ಮಳೆ ಸಣ್ಣಗೆ ಶುರುವಾಯಿತು. ಹಾಲೇಶ ಒಡ್ಡಿನ ಮೇಲೆ ಹತ್ತಿದ, ಅಲ್ಲಿಂದ ಕೆಂಪು ಕೊರಕಲಿನಲ್ಲಿ ಕಾಲು ಜಾರುತ್ತ, ಒಂದು ಕೈಯಲ್ಲಿ ಜಾಲಿಯ ಕೊಂಬೆ ಹಿಡಿದು, ಇನ್ನೊಂದರಲ್ಲಿ ಫೋನನ್ನು ಮೇಲೆತ್ತಿಕೊಂಡು ಏರಿದ. ಕೆಳಗೆ ಲಾರಿಯ ಕ್ಲೀನರೊಬ್ಬ, “ಏ ಸಾರ್, ಚಂದ್ರ ಇನ್ನೂ ಹುಟ್ಟಿಲ್ಲ, ಆರತಿ ಯಾರಿಗೆ?” ಎಂದು ಕೂಗಿದ; ಸುತ್ತಲಿನವರು ನಕ್ಕರು. ಪ್ಯಾಂಟಿನ ಮೊಣಕಾಲು ಕೆಸರಾಗಿತ್ತು. ಒಂದು ಬಂಡೆಯ ನೆತ್ತಿಯಲ್ಲಿ ನಿಂತಾಗ ಒಂದು ಕಡ್ಡಿ ಬಂತು, ಹೋಯಿತು, ಬಂತು. ಗಡಿಯಾರ ಹೋಗಿ ಸರಿ ಎಂಬ ಗುರುತು ಬಿತ್ತು. ಏನೋ ಆಗುತ್ತದೆ ಎಂದು ಕಾದ. ಏನೂ ಆಗಲಿಲ್ಲ. ಲಾರಿಗಳ ಸಾಲು ಕಣ್ಣು ಹಾಯುವವರೆಗೂ ನಿಂತೇ ಇತ್ತು.

ಇಳಿದು ಬಂದಾಗ ಕಾರಿನ ಗಾಜು ಇಳಿದಿತ್ತು. ತೋಟಪ್ಪನವರು ಅವನ ಕೆಸರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಕಳಿಸಿದ್ರೇನು?”

“ಕಳಿಸಿದೆ ಸರ್.”

“ನನಗೊಬ್ಬಗಾ?”

“ಎಲ್ಲಾರಿಗೂ.”

ಅವರು ಉಸಿರು ಬಿಟ್ಟರು. ಬೈಯುತ್ತಾರೆಂದು ಹಾಲೇಶ ಮೈ ಬಿಗಿಹಿಡಿದ. ಅವರು ಅಂಗೈ ಚಾಚಿದರು. “ಕೊಡ್ರಿ ಇತ್ತ. ಅದು ನಂದು.”

ಕೊಟ್ಟ. ಕೊಡುವಾಗ ಅಂಗಿಯ ತುದಿಯಿಂದ ಅದರ ಮೇಲಿನ ಹನಿಗಳನ್ನು ಒರೆಸಿದ. ಬಾಗಿಲು ತೆರೆಯಲೇ ಬೇಡವೇ ಎಂದು ನಿಂತಿರುವಾಗ ಗಾಜು ಏರಿತು. ಮುಂದಿನ ಲಾರಿ ಗೊರಗೊರ ಎನ್ನುತ್ತ ಸರಿಯಿತು. ಕಾರೂ ಒಂದಿಷ್ಟು ಸರಿದು ನಿಂತಿತು. ಹಾಲೇಶ ಸುಮ್ಮನೆ ನಡೆದ. ಕಾರನ್ನು ದಾಟಿದ. ಕಾರು ಮತ್ತೆ ಸರಿದು ಅವನನ್ನು ದಾಟಿತು. ಹೊರಗೆ ಹಾಕಿದವರು ಹಾಕಿಸಿಕೊಂಡವನ ಪಕ್ಕದಲ್ಲೇ, ಅವನ ನಡಿಗೆಯ ವೇಗದಲ್ಲೇ ಗುಡ್ಡ ಹತ್ತುತ್ತಿದ್ದರು. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ. ಗಾಜಿನೊಳಗೆ ಅವರ ಬಿಳಿ ಅಂಗಿಯ ತೋಳು ಮಾತ್ರ ಕಾಣುತ್ತಿತ್ತು. ಹಡಗಿನಿಂದ ಉತ್ತರ ಬಂದರೆ ಅದು ಬರುವುದು ಆ ತೋಳಿನ ತುದಿಗೆ, ಎಂದು ಹಾಲೇಶನಿಗೆ ಆಗ ಹೊಳೆಯಿತು. ಬಂದರಿನವರ ನಂಬರಾಗಲಿ ವಿಳಾಸವಾಗಲಿ ತಲೆಯಲ್ಲಿ ಒಂದೂ ಇರಲಿಲ್ಲ. ಎಲ್ಲವನ್ನೂ ಫೋನಿನಲ್ಲಿಟ್ಟು ತಲೆಯನ್ನು ಖಾಲಿ ಮಾಡಿಕೊಂಡಿದ್ದ. ಹಡಗು ಹೊರಟಿತೋ ನಿಂತಿತೋ ತನಗಿನ್ನು ತಿಳಿಯುವುದೇ ಇಲ್ಲ. ನಿಂತು ಗಾಜು ಬಡಿಯಬೇಕೆನಿಸಿತು. ಬಡಿಯಲಿಲ್ಲ.

ತಿರುವು ದಾಟಿ, ಆಕ್ಸಲ್ ಮುರಿದ ಲಾರಿಯ ಹತ್ತಿರ ಕಾರು ಮತ್ತೆ ನಿಂತಾಗ ಗಾಜು ತಾನಾಗಿ ಇಳಿಯಿತು. ತೋಟಪ್ಪನವರ ಕೈಯಲ್ಲಿ ಫೋನು ಅದುರುತ್ತಿತ್ತು. ಅವರು ಅದರ ಪರದೆಯನ್ನು ತೋರುಬೆರಳಿನಿಂದ ಸವರುತ್ತಿದ್ದರು, ತಮ್ಮ ಹೊಸ ಫೋನನ್ನು ಸವರಿದಂತೆ, ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ. ಪರದೆ ಅಲುಗಲಿಲ್ಲ. “ಇದನ್ನ ಹೆಂಗ ತಗೀತಾರ್ರಿ? ಮರ್ತು ಹೋಗೇತಿ,” ಎಂದರು. ಆ ದನಿಯಲ್ಲಿ ಯಜಮಾನಿಕೆ ಇರಲಿಲ್ಲ. ಫೋನನ್ನು ಕಿಟಕಿಯ ಹತ್ತಿರ ತಂದರು, ಆದರೆ ಕೈಬಿಡಲಿಲ್ಲ. ಹಾಲೇಶ ಬಾಗಿ, ಅವರ ಅಂಗೈಯಲ್ಲಿದ್ದ ಫೋನಿನ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿದ. ಇಬ್ಬರ ತಲೆಗಳೂ ಆ ಪುಟ್ಟ ಬೆಳಕಿನ ಮೇಲೆ ತಾಗುವಷ್ಟು ಹತ್ತಿರವಾದವು. ಅವನ ಕೂದಲಿನ ನೀರು ಅವರ ತೋಳಿನ ಮೇಲೆ ಬಿತ್ತು.

“ಕನ್ನಡಕ ಇಲ್ಲ. ಓದ್ರಿ.”

“ಲೋಡಿಂಗ್ ನಿಲ್ಲಿಸ್ಯಾರಂತ ಸರ್. ಹೊಸ ಸ್ಯಾಂಪಲ್ ತಗದು ನೋಡೋ ಮಟ ಹಡಗು ಬಿಡಂಗಿಲ್ಲಂತ.”

“ಯಾರು ಹೇಳಿದ್ರಂತ ನಿಲ್ಸಿದ್ರು?”

ಅದೂ ಅಲ್ಲಿತ್ತು. ಹಾಲೇಶ ಅದನ್ನು ಬಿಟ್ಟು ಓದಿದ್ದ.

“ನಿಮ್ಮ ಕೆಮಿಸ್ಟ್ ತಿಳಿಸಿದ ಮೇರೆಗೆ, ಅಂತ ಐತ್ರಿ.”

ತೋಟಪ್ಪನವರು ಪರದೆಯನ್ನು ಇನ್ನೊಂದಿಷ್ಟು ಹೊತ್ತು, ಓದಲಾಗದಿದ್ದರೂ, ನೋಡಿದರು. ಮುಂದೆ ಲಾರಿ ಸರಿಯಿತು. ಅಂಜಿನಿ ಗೇರು ಹಾಕಿದ. ಕಿಟಕಿಯ ಅಂಚು ಹಾಲೇಶನ ಕೈಗಳ ಕೆಳಗಿನಿಂದ ಮೆಲ್ಲಗೆ ಜಾರಿಹೋಯಿತು. ಈ ಸಲ ಕಾರು ನಿಲ್ಲಲಿಲ್ಲ. ಅವನು ಅಭ್ಯಾಸಬಲದಿಂದ ಅದರ ಹಿಂದೆಯೇ ಸ್ವಲ್ಪ ದೂರ ಹೋದ. ಸಂಡೂರಿನಲ್ಲಿ ತನಗಿನ್ನು ಏನೂ ಕೆಲಸವಿಲ್ಲ ಎಂಬುದು ಆಮೇಲೆ ನೆನಪಾಯಿತು. ನಿಂತ, ತಿರುಗಿದ, ಎದುರಿಗೆ ಏರಿ ಬರುತ್ತಿದ್ದ ಲಾರಿಗಳ ಬೆಳಕಿಗೆ ಕೈ ಅಡ್ಡ ಹಿಡಿದು, ರಸ್ತೆಯ ಅಂಚಿಗೆ ಅಂಟಿಕೊಂಡು ಇಳಿಯತೊಡಗಿದ.